ಶ್ ಸಾರ್ ಮತ್ತು ಪಿಸುಮಾತು ಮರೆತ ಮೊಬೈಲು

ಆ ದಿನ ಬೆಳಿಗ್ಗೆ ಶ್ ಸಾರ್ ಅವರ ಮೊಬೈಲು ಪಿಸುಮಾತು ಮರೆತುಬಿಟ್ಟಿತು. ಕಿವಿಗಿಟ್ಟುಕೊಂಡರೆ ಕಲ್ಲಿಗೆ ಕಿವಿ ಹಚ್ಚಿದಂತೆ. ಸ್ಪೀಕರ್ ಒತ್ತಿದರೆ ಮಾತ್ರ ಇಡೀ ಬೀದಿಗೆ ಕೇಳುವಂತೆ ಒದರುತ್ತಿತ್ತು.

ಅವರು ಗ್ರಂಥಾಲಯದ ಗುಮಾಸ್ತರು. ದಿನವಿಡೀ ಓದುಗರನ್ನು ‘ಶ್’ ಎಂದು ಗದರಿಸಿ ಗದರಿಸಿ ಅದೇ ಹೆಸರಾಗಿತ್ತು. ಮೊಬೈಲು ಮದುವೆಯ ಹೊಸದರಲ್ಲಿ ಕೊಂಡದ್ದು. ಮೆಟ್ಟಿಲಿಂದ ಉರುಳಿ, ಬಟ್ಟೆ ನೆನೆಸಿದ ಬಕೆಟ್ಟಿನಲ್ಲಿ ಮುಳುಗಿ ಬದುಕಿತ್ತು. ಒಮ್ಮೆ ಬಸ್ಸಿನಲ್ಲಿ ಕಳುವಾಗಿ ವಾಪಸೂ ಬಂದಿತ್ತು. ಕಳ್ಳನೇ ನೋಡಿ ಮರುಗಿರಬೇಕು ಎಂದು ಹೆಂಡತಿಯ ಅಂದಾಜು. ಚಾರ್ಜು ಸಂಜೆಯವರೆಗೂ ನಿಲ್ಲುತ್ತಿರಲಿಲ್ಲ. ಅದರಲ್ಲಿ ಫೋಟೋ ತೆಗೆದರೆ ಎಲ್ಲರೂ ಜ್ವರ ಬಿಟ್ಟು ಎದ್ದವರಂತೆ ಕಾಣುತ್ತಿದ್ದರು. ಆದರೂ ಹೊಸದು ಕೊಳ್ಳಿ ಎಂದವರಿಗೆ ಶ್ ಸಾರ್, “ಇದು ನನ್ನ ಬೆರಳಿಗೆ ಒಗ್ಗಿದೆ ರೀ. ಹೊಸದರ ಜೊತೆ ಮತ್ತೆ ಮೊದಲಿಂದ ಸಂಸಾರ ಹೂಡೋಕಾಗಲ್ಲ” ಎನ್ನುತ್ತಿದ್ದರು.

ಓದುವ ಕೋಣೆಯಲ್ಲಿ ಪುಟ ಮಗುಚುವ ಸದ್ದಷ್ಟೇ ಇದ್ದಾಗ ಹೆಂಡತಿಯ ಕರೆ ಬಂತು. ಆಕೆ ಎತ್ತುವವರೆಗೂ ಬಿಡುವವಳಲ್ಲ. ಶ್ ಸಾರ್ ಕಪಾಟಿನ ಮರೆಗೆ ಹೋಗಿ ಸ್ಪೀಕರ್ ಒತ್ತಿದರು.

“ರೀ, ನನ್ನ ತಮ್ಮ ನಾಳೆ ಬರ್ತಿದ್ದಾನೆ. ಕೆಲಸ ಸಿಗೋವರೆಗೂ ಹಿಂದಿನ ರೂಮು ಅವನಿಗೆ.”

ಬಾಮೈದ ಕ್ಲಾರಿನೆಟ್ ಕಲಿಯುತ್ತಿದ್ದ. ಕಳೆದ ಸಲ ಬಂದುಹೋದ ಮೇಲೆ ಮಹಡಿಯವರು ಮನೆ ಖಾಲಿ ಮಾಡಿದ್ದರು. ಹಿಂದಿನ ರೂಮಂತೂ ಶ್ ಸಾರ್ ಕಾಲು ಚಾಚಿ ಮಲಗಲು ಉಳಿದಿದ್ದ ಒಂದೇ ಜಾಗ.

“ಆ ರೂಮಿನ ಗೋಡೆ ಒದ್ದೆ ಕಣೆ. ಪಾಪ, ಅವನಿಗೆ ನೆಗಡಿ ಆಗುತ್ತೆ.”

“ಎಲ್ಲಿ ಒದ್ದೆ? ನಾನೀಗ ಅದೇ ಗೋಡೆಗೆ ಒರಗಿ ಕೂತಿದ್ದೀನಿ.”

ಪತ್ರಿಕೆ ಓದಲು ದಿನಾ ಬರುವ ನಿವೃತ್ತ ವಕೀಲರು ಕನ್ನಡಕ ಕೆಳಗಿಳಿಸಿದರು. “ಒಬ್ಬನೇ ತಮ್ಮನೇನಮ್ಮ?”

“ಒಬ್ಬನೇ ಸಾರ್. ತಾವ್ಯಾರು?”

“ವಕೀಲ. ಕೇಸು ಬಿಟ್ಟು ಸುಮಾರು ವರ್ಷ ಆಯ್ತು, ಆದರೂ ಹೇಳಿ.”

ಶ್ ಸಾರ್ ‘ಶ್’ ಎಂದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನರ್ಸಿಂಗ್ ಓದುತ್ತಿದ್ದ ಹುಡುಗಿ, “ನೆಗಡಿ ಗೋಡೆಯಿಂದ ಬರಲ್ಲ ಅಕ್ಕ” ಎಂದಳು. ಸದ್ದು ಕೇಳಿ ಗ್ರಂಥಪಾಲಕಿ ಮೇಡಂ ಹೊರಬಂದರು. ಇನ್ನು ಇವರೆಲ್ಲರಿಗೂ ಸರಿಯಾಗಿ ಬೀಳುತ್ತದೆ ಎಂದು ಶ್ ಸಾರ್ ಆಸೆಯಿಂದ ನೋಡಿದರೆ, ಮೇಡಂ ಕುರ್ಚಿ ಎಳೆದುಕೊಂಡು, “ತಮ್ಮ ಏನು ಓದಿದ್ದಾನಂತೆ?” ಎಂದರು.

ಕೊನೆಗೆ ವಕೀಲರು ಗಂಟಲು ಸರಿಮಾಡಿಕೊಂಡರು. “ರೂಮು ತಮ್ಮನಿಗೆ. ಇವರು ಹಜಾರದಲ್ಲಿ ಮಲಗಲಿ. ಮೇಡಂ, ನಿಮ್ಮ ಅಭಿಪ್ರಾಯ?” ಮೇಡಂ ತಲೆದೂಗಿದರು. ಹೆಂಡತಿ ಎಲ್ಲರಿಗೂ ಥ್ಯಾಂಕ್ಸ್ ಹೇಳಿ ಫೋನ್ ಇಟ್ಟಳು.

ಊಟದ ಬಿಡುವಿನಲ್ಲಿ ಶ್ ಸಾರ್ ಊಟ ಬಿಟ್ಟು ರಿಪೇರಿ ಅಂಗಡಿಗೆ ಓಡಿದರು. ರಿಪೇರಿಯವನು ಸಣ್ಣ ಬ್ರಷ್ಷಿನಿಂದ ಮೊಬೈಲಿನ ಕಿವಿ ತೂತು ಉಜ್ಜಿದ. ಗುಬ್ಬಚ್ಚಿ ಗೂಡು ಕಟ್ಟುವಷ್ಟು ಕಸ ಹೊರಬಂತು. “ತಗೊಳ್ಳಿ ಸಾರ್, ಇನ್ನು ನಿಮ್ಮನ್ನ ಬಿಟ್ಟು ಇನ್ಯಾರಿಗೂ ಕೇಳಲ್ಲ.”

ಶ್ ಸಾರ್ ಎದೆಯುಬ್ಬಿಸಿಕೊಂಡು ಓದುವ ಕೋಣೆಗೆ ಮರಳಿದರು. ಹೆಂಡತಿಯನ್ನು ಒಬ್ಬಳನ್ನೇ ಮಾತಿಗೆ ಹಿಡಿದು ರೂಮು ಉಳಿಸಿಕೊಳ್ಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದ್ದರು. ಅಷ್ಟರಲ್ಲಿ ಅವಳದೇ ಕರೆ. ಕಿವಿಗಿಟ್ಟರು. ಎಷ್ಟು ಮೆಲ್ಲನೆಯ ದನಿ, ಬರೀ ತಮಗೋಸ್ಕರ.

“ರೀ, ಆ ರೂಮಿನ ವಿಷಯ ಮತ್ತೆ ಯೋಚನೆ ಮಾಡಿದೆ.”

“ಹೇಳು ಹೇಳು. ಈಗ ನಾವಿಬ್ಬರೇ.”

“ನಿಮ್ಮ ಹತ್ರ ಹೇಳಿ ಏನು? ವಕೀಲರಿಗೆ ಕೊಡಿ.”

ವಕೀಲರು ಆಗಲೇ ಕೈ ಚಾಚಿದ್ದರು. ಮೊಬೈಲನ್ನು ಕಿವಿಗೆ ಒತ್ತಿ ಹಿಡಿದು, “ಹೂಂ… ಹೌದಾ… ಹಜಾರಾನೂ ಬೇಡ ಅಂತೀರಾ… ಇಲ್ಲಮ್ಮ, ಅವರು ಎದುರಾಡಲ್ಲ… ಅದೇ ಸರಿ” ಎಂದರು.

ಶ್ ಸಾರ್ ಕೊಕ್ಕರೆಯಂತೆ ಕತ್ತು ಚಾಚಿದರು. ಒಂದಕ್ಷರ ಕೇಳಿಸಲಿಲ್ಲ.

ವಕೀಲರು ಮೊಬೈಲು ಹಿಂದಿರುಗಿಸಿ ಅವರ ಭುಜ ತಟ್ಟಿದರು.

“ಏನಂದ್ಲು ಸಾರ್?”

“ಕಕ್ಷಿದಾರರು ಗುಟ್ಟಾಗಿ ಹೇಳಿದ್ದನ್ನ ಎದುರು ಪಾರ್ಟಿಗೆ ಹೇಳೋ ಹಾಗಿಲ್ಲ ರೀ” ಎಂದು ವಕೀಲರು ಪತ್ರಿಕೆ ಬಿಡಿಸಿದರು.