ಜಗಲಿಯಲ್ಲೊಂದು ಯುದ್ಧವಿಮಾನ

ಸಭೆಗಳಲ್ಲಿ ಹಿಂದಿನ ಸಾಲಿನ ಬಾಗಿಲ ಬದಿಯ ಕುರ್ಚಿಯೇ ಕ್ಷೇಮವೆಂದು ನಾನು ಬಹಳ ಕಾಲ ನಂಬಿದ್ದೆ. ಶುದ್ಧ ತಪ್ಪು. ಮುಂದೆ ಕೂತವರು ಭಾಷಣ ಮಾಡಿ ಮನೆಗೆ ಹೋಗುತ್ತಾರೆ, ನಡುವೆ ಕೂತವರು ಚಪ್ಪಾಳೆ ತಟ್ಟಿ ಹೋಗುತ್ತಾರೆ. ಬಾಗಿಲ ಬದಿಯವನು ಮೆಲ್ಲಗೆ ಎದ್ದು ಜಾರುವ ಹೊತ್ತಿಗೆ ಸರಿಯಾಗಿ ಅಧ್ಯಕ್ಷರ ಕಣ್ಣಿಗೆ ಬೀಳುತ್ತಾನೆ. ಎದ್ದು ನಿಂತವನು ಒಪ್ಪಿಕೊಂಡ ಹಾಗೆ ಎಂದು ಅವರ ಲೆಕ್ಕ. ಹೀಗೆ ಎದ್ದು ನಿಂತ ತಪ್ಪಿಗೆ ನಾನು ಒಂದು ಬೇಸಿಗೆ ಪೂರ್ತಿ ಯುದ್ಧವಿಮಾನದ ಜೊತೆ ಸಂಸಾರ ಮಾಡಿದವನು.

ಆಗ ನಾನು ಸುಳ್ಯದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಷ್ಟ್ರು. ಅರವತ್ತೈದರ ಯುದ್ಧ ಮುಗಿದಿತ್ತು. ಊರಿನ ಹೊನ್ನಕ್ಕನವರ ಒಬ್ಬನೇ ಮಗ ಕುಶಾಲಪ್ಪ ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದವನು, ವಿಮಾನ ನಿಲ್ದಾಣದ ಮೇಲೆ ಬಾಂಬು ಬಿದ್ದಾಗ ತೀರಿಕೊಂಡಿದ್ದ. ನನ್ನ ಕ್ಲಾಸಿನಲ್ಲಿ ಬಾಳೆಹಣ್ಣು ಬಿಡಿಸು ಎಂದರೆ ಅದಕ್ಕೂ ಚಕ್ರ ಹಾಕುತ್ತಿದ್ದ ಹುಡುಗ. ಚಿತ್ರ ತಪ್ಪೆಂದು ನಾನು ಗದರಿದರೆ, ಬಾಳೆಹಣ್ಣನ್ನು ಪೇಟೆಗೆ ಸಾಗಿಸುವುದು ಬೇಡವಾ ಸಾರ್ ಎಂದು ಕೇಳುತ್ತಿದ್ದ. ಅವನ ನೆನಪಿಗೆ ಏನಾದರೂ ಮಾಡಬೇಕೆಂದು ಸಭೆ ಸೇರಿತು. ಅಧ್ಯಕ್ಷರಾದ ಜವಳಿ ಅಂಗಡಿಯ ಕಾಮತರು ವ್ಯಾಪಾರಕ್ಕೆಂದು ಹೋಗಿದ್ದಾಗ ಕಡಲ ದಂಡೆಯ ಒಂದು ಊರಿನಲ್ಲಿ ಜನರೆಲ್ಲ ಸೇರಿ ಯುದ್ಧದ ನೆನಪಿಗೆ ಎತ್ತರದ ಕಂಬದ ಮೇಲೆ ಮರದ ಯುದ್ಧವಿಮಾನ ನಿಲ್ಲಿಸಿದ್ದನ್ನು ನೋಡಿ ಬಂದಿದ್ದರು. ಮೀನು ಹಿಡಿಯುವವರ ಊರಿನಲ್ಲೇ ವಿಮಾನ ಉಂಟಂತೆ, ನಮಗೆ ಎಂತ ಕಮ್ಮಿ ಎಂಬುದು ಅವರ ವಾದ. ಅಲ್ಲಿಯದನ್ನು ಮಾಡಿದ ಆಚಾರಿಯನ್ನೇ ಕರೆಸುವುದು, ಕಂಬವನ್ನು ಮಾತ್ರ ಅಲ್ಲಿಗಿಂತ ಒಂದು ಮೊಳ ಎತ್ತರ ಮಾಡುವುದು ಎಂದು ತೀರ್ಮಾನವಾಯಿತು. ನಕ್ಷೆ ಬರೆದು ಕೆಲಸಕ್ಕೆ ಅಂಗಳ ಕೊಡುವವರು ಯಾರು ಎಂಬ ಪ್ರಶ್ನೆ ಬಂದ ಗಳಿಗೆಗೇ ನಾನು ಮನೆಗೆ ತೆಂಗಿನೆಣ್ಣೆ ಒಯ್ಯಬೇಕೆಂದು ನೆನಪಾಗಿ ಎದ್ದಿದ್ದೆ.

ಬಂದ ಆಚಾರಿ ಕಸುಬು ಕಲಿತಂದಿನಿಂದ ದೋಣಿ ಕಟ್ಟಿದವರು. ನನ್ನ ನಕ್ಷೆಯನ್ನು ಬಹಳ ಮರ್ಯಾದೆಯಿಂದ ನೋಡಿ, ಮಡಚಿ, ಎಲೆಯಡಿಕೆಯ ಚೀಲದಲ್ಲಿ ಇಟ್ಟರು. ಆಮೇಲೆ ಅದು ಹೊರಗೆ ಬರಲಿಲ್ಲ. ಅವರು ನೆಟ್ಟಗೆ ಒಂದು ದೋಣಿ ಕಟ್ಟಿ, ಅದಕ್ಕೆ ಮುಚ್ಚಳ ಹಾಕಿ, ಎರಡು ರೆಕ್ಕೆ ಹಚ್ಚಿದರು. ಚೆಂದವೇನೋ ಇತ್ತು. ಕೊನೆಯಲ್ಲಿ ಕಡಲ ಕರೆಯ ಕ್ರಮದಂತೆ ಮರಕ್ಕೆ ಧಾರಾಳವಾಗಿ ಮೀನೆಣ್ಣೆ ಕುಡಿಸಿದರು. ನಾನು ಮೂಗು ಮುಚ್ಚಿಕೊಂಡು ಓಡಿ ಬಂದಾಗ, ಅಲ್ಲಿಯ ವಿಮಾನಕ್ಕೂ ಹೀಗೆಯೇ ಮಾಡಿದ್ದೆ, ಯಾರೂ ಒಂದು ಮಾತು ಹೇಳಲಿಲ್ಲ ಎಂದರು. ಹೇಗೆ ಹೇಳಿಯಾರು? ಊರಿಗೆ ಊರೇ ಆ ವಾಸನೆಯಲ್ಲಿರುವಾಗ ವಿಮಾನದ್ದು ಯಾರ ಮೂಗಿಗೆ ಬೇರೆಯಾಗಿ ಹತ್ತಬೇಕು? ನಮ್ಮದೋ ಬೆಳ್ಳುಳ್ಳಿ ಒಗ್ಗರಣೆಗೂ ಕಿಟಕಿ ತೆರೆಯುವ ಮನೆ. ನೀರಿಗೆ ಬಿಟ್ಟರೂ ಒಂದು ತೊಟ್ಟು ಒಳಗೆ ಬರುವುದಿಲ್ಲ ಎಂದು ನನಗೆ ಧೈರ್ಯ ಹೇಳಿ ಆಚಾರಿ ಊರಿಗೆ ಹೋದರು.

ವಿಮಾನ ಸಿದ್ಧವಾಯಿತು, ಆದರೆ ಹೊನ್ನಕ್ಕ ಒಪ್ಪಲಿಲ್ಲ. ಹೆತ್ತವಳು ಬಂದು ದೀಪ ಹಚ್ಚದೆ ಮಗನ ಹೆಸರಿನಲ್ಲಿ ಒಂದು ಕಲ್ಲನ್ನೂ ನಿಲ್ಲಿಸುವ ಹಾಗಿಲ್ಲ ಎಂದು ಊರಿನ ಹಿರಿಯರು ಹೇಳಿದರು. ಕಾಮತರು ಹೋಗಿ ಕೇಳಿ ಸೋತು ಬಂದ ಮೇಲೆ, ಕಲಿಸಿದ ಮಾಷ್ಟ್ರೆಂದು ನನ್ನನ್ನು ಅಟ್ಟಿದರು. ಹೊನ್ನಕ್ಕ ಬೆಲ್ಲ, ನೀರು ತಂದಿಟ್ಟರು. ಮನೆಯಲ್ಲಿ ಅವರದು ಸುಳ್ಯ ಸೀಮೆಯ ಆಡುನುಡಿ ಅರೆಭಾಷೆ, ನನ್ನೊಡನೆ ಕನ್ನಡದಲ್ಲಿ, ಒಂದೊಂದೇ ಮಾತು ಹುಡುಕಿ ಇಟ್ಟ ಹಾಗೆ ಹೇಳಿದರು: "ನನಗೆ ವಿಮಾನ ಅಂದರೆ ಆಗುದಿಲ್ಲ ಮಾಷ್ಟ್ರೆ. ನೀವು ಅದನ್ನು ಕಂಬದ ಮೇಲೆ ಇಟ್ಟರೆ ನಾನು ಸಂತೆಗೆ ಬರುದು ಹೇಗೆ? ಬಂದಾಗೆಲ್ಲ ತಲೆ ಎತ್ತಿ ಅದನ್ನೇ ನೋಡಬೇಕಾ?" ಬಾಯಾರಿಕೆ ಇಲ್ಲದಿದ್ದರೂ ಇನ್ನೊಂದು ಲೋಟ ನೀರು ಕುಡಿದು ಎದ್ದು ಬಂದೆ.

ಅವರು ಮನಸ್ಸು ಬದಲಾಯಿಸುವ ತನಕ ವಿಮಾನ ನಿಮ್ಮ ಜಗಲಿಯಲ್ಲೇ ಇರಲಿ ಎಂದು ಕಾಮತರು ಅಪ್ಪಣೆ ಕೊಡಿಸಿದರು. ಜಗಲಿ ಇರುವುದು ಎಷ್ಟು? ಮರದ ಕಾಲುಗಳ ಮೇಲೆ ನಿಂತ ವಿಮಾನದ ಒಂದು ರೆಕ್ಕೆ ಅಂಗಳಕ್ಕೆ ಚಾಚಿತು, ಇನ್ನೊಂದು ಸರಿಯಾಗಿ ಹೊಸ್ತಿಲ ಎದುರಿಗೆ, ನನ್ನ ಹಣೆಯ ಮಟ್ಟಕ್ಕೆ ಬಂತು. ನನ್ನ ಹೆಂಡತಿ ಶಾರದೆ ಗಿಡ್ಡ, ಸಲೀಸಾಗಿ ಓಡಾಡಿದಳು. ನನಗೆ ಬೆಳಿಗ್ಗೆ ಹೋಗುವಾಗ ಒಂದು ಪೆಟ್ಟು, ಸಂಜೆ ಬರುವಾಗ ಒಂದು ಪೆಟ್ಟು. ಸುಳ್ಯ ಪೇಟೆಯ ಬೆಕ್ಕುಗಳೆಲ್ಲ ವಾಸನೆ ಹಿಡಿದು ಬಂದು ರೆಕ್ಕೆಯ ಮೇಲೆ ಪಂಕ್ತಿ ಕೂತವು. ಒಂದೋ ಅದು ಹಾರಬೇಕು, ಇಲ್ಲದಿದ್ದರೆ ನಾನು ಪುತ್ತೂರಿನ ಬಸ್ಸು ಹತ್ತುದು ಎಂದು ಶಾರದೆ ಹೇಳಿದಳು. ಪುತ್ತೂರು ಅವಳ ತವರು.

ಅವಳನ್ನು ತಡೆದದ್ದು ನಾನಲ್ಲ, ನಮ್ಮ ಕೂಸು. ಬಾಡಿಗೆ ಮನೆಯ ಜಂತಿಗಳಿಗೆ ಗೆದ್ದಲು ಹಿಡಿದಿತ್ತು, ತೊಟ್ಟಿಲು ಕಟ್ಟಲು ಗಟ್ಟಿ ಜಾಗ ಇರಲಿಲ್ಲ. ಒಂದು ಮಧ್ಯಾಹ್ನ ಮಗು ಅತ್ತು ಅತ್ತು ಮನೆ ಹಾರಿಹೋಗುವಂತಾದಾಗ ಶಾರದೆ ಬೇರೆ ದಾರಿ ಕಾಣದೆ ಹಳೆಯ ಸೀರೆಯೊಂದನ್ನು ರೆಕ್ಕೆಗೆ ಬಿಗಿದು ತೂಗಿದಳು. ಮಗು ಗಪ್ಪೆಂದು ಮಲಗಿತು. ಆಮೇಲೆ ಅದಕ್ಕೆ ಬೇರೆಲ್ಲೂ ನಿದ್ದೆ ಬರದಾಯಿತು. ಎರಡೂ ವಂಶಗಳಲ್ಲಿ ಮೀನೆಣ್ಣೆಯ ಸಂಬಂಧ ಯಾವ ಕಡೆಯಿಂದ ಬಂತು ಎಂದು ನಾವು ಗಂಡ ಹೆಂಡತಿ ಕೆಲವು ದಿನ ಒಬ್ಬರನ್ನೊಬ್ಬರು ಅನುಮಾನದಿಂದ ನೋಡಿದೆವು.

ಹೀಗಿರುವಾಗ ಒಂದು ಸಂತೆಯ ದಿನ ನಾನು ಕೊಡೆ ಬೀಸಿ ಬೆಕ್ಕು ಓಡಿಸುತ್ತಿದ್ದೆ. ತಿರುಗಿ ನೋಡಿದರೆ ಅಂಗಳದಲ್ಲಿ ಬುಟ್ಟಿ ಹಿಡಿದು ಹೊನ್ನಕ್ಕ ನಿಂತಿದ್ದಾರೆ. ಕಾಮತರ ಕಾಟ ತಡೆಯಲಾರದೆ, ಒಮ್ಮೆ ಕಣ್ಣಿನಿಂದ ನೋಡಿಯೇ ಬೇಡ ಎಂದು ಹೇಳಿ ಹೋಗಲು ಬಂದವರು. ಮಗನ ಸ್ಮಾರಕದ ಮೇಲೆ ಬೆಕ್ಕು, ಕೆಳಗೆ ಹಳೆಯ ಸೀರೆ, ಎದುರಿಗೆ ಕೊಡೆ ಎತ್ತಿದ ಮಾಷ್ಟ್ರು. ನನಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಮಗು ಎದ್ದು ಅತ್ತಿತು. ಶಾರದೆ ಬಾವಿಕಟ್ಟೆಯಲ್ಲಿದ್ದಳು. ಹೊನ್ನಕ್ಕ ಬುಟ್ಟಿ ಇಳಿಸಿದರು, ತಲೆ ಬಗ್ಗಿಸಿ ರೆಕ್ಕೆಯಡಿಗೆ ಬಂದು ಕೂತು ತೊಟ್ಟಿಲು ತೂಗತೊಡಗಿದರು.

ಮಗು ಮಲಗಿದ ಮೇಲೂ ಅವರು ತೂಗುವುದನ್ನು ಬಿಡಲಿಲ್ಲ. ತಲೆಯ ಮೇಲಿನ ಹಲಗೆಯನ್ನು ಕೈಯಿಂದ ಸವರಿ ನೋಡಿದರು. "ರಜೆಯಲ್ಲಿ ಬಂದಾಗ ಹೇಳ್ತಿದ್ದ," ಎಂದರು. "ನಾನು ಮೇಲೆ ಹಾರುದಲ್ಲ ಅಮ್ಮ, ಅಡಿಯಲ್ಲಿ ಮಲಗಿ ರಿಪೇರಿ ಮಾಡುದು, ನೀನು ಹೆದರಬೇಡ ಅಂತ." ನನ್ನ ಕಡೆ ತಿರುಗಿದರು. "ಕಂಬ ಬೇಡ ಮಾಷ್ಟ್ರೆ. ಅವ ಇದ್ದದ್ದು ಇಲ್ಲಿ, ಅಡಿಯಲ್ಲಿ. ಅಡಿಯಲ್ಲಿ ಕೂತುಕೊಳ್ಳಲಿಕ್ಕೆ ಜಾಗ ಉಂಟಾದರೆ ನಾನು ದೀಪ ಹಚ್ಚುತ್ತೇನೆ." ಚಕ್ರ ಹಾಕಿದ ಆ ಬಾಳೆಹಣ್ಣು ಕಣ್ಣಿಗೆ ಬಂತು. ಮುಖ ತೋರಿಸಲಾಗದೆ ಇಲ್ಲದ ಬೆಕ್ಕನ್ನು ಓಡಿಸುತ್ತ ಹಿತ್ತಿಲಿಗೆ ಹೋದೆ.

ಕಂಬ ಕೈಬಿಟ್ಟದ್ದಕ್ಕೆ ಕಾಮತರು ಕೆಲವು ದಿನ ನನ್ನೊಡನೆ ಮಾತು ಬಿಟ್ಟರು. ಕೊನೆಗೆ ವಿಮಾನ ಬಸ್ಸು ನಿಲ್ಲುವ ತಿರುವಿನಲ್ಲಿ, ಜಗಲಿಯಲ್ಲಿದ್ದಷ್ಟೇ ಎತ್ತರಕ್ಕೆ ನಿಂತಿತು. ಕೆಳಗೆ ಒಂದು ಕಲ್ಲುಬೆಂಚು. ಹೊನ್ನಕ್ಕ ದೀಪ ಹಚ್ಚಿದರು. ಆಮೇಲೆ ಪ್ರತಿ ಸಂತೆಗೂ ಬುಟ್ಟಿ ಇಟ್ಟುಕೊಂಡು ಅಲ್ಲೇ ಕೂತು ಬಸ್ಸು ಕಾಯುವುದು ಅವರ ರೂಢಿಯಾಯಿತು. ಬೆಕ್ಕುಗಳೂ ವಾಸ ಬದಲಾಯಿಸಿದವು. ವಿಮಾನ ಹೋದ ದಿನ ಮಗು ಮಲಗಲಿಲ್ಲ, ಅದನ್ನು ಕೊಂಡುಹೋಗಲಿಕ್ಕೆ ಯಾರು ಹೇಳಿದ್ದು ಎಂದು ಶಾರದೆ ನನಗೇ ಬೈದಳು.

ಉಳಿದದ್ದು ನನ್ನ ತಲೆಯೊಂದು. ರೆಕ್ಕೆ ಹೋಗಿ ಬಹಳ ಕಾಲವಾದರೂ ಅದು ಹೊಸ್ತಿಲು ಕಂಡರೆ ತಾನಾಗಿ ಬಗ್ಗುತ್ತದೆ; ನಮ್ಮ ಮನೆಯದಾದರೂ ಸರಿ, ಶಾಲೆಯದಾದರೂ ಸರಿ. ಪೇಟೆಯಲ್ಲಿ ನನ್ನನ್ನು ಬಹಳ ವಿನಯವಂತ ಎನ್ನುತ್ತಾರೆ. ಒಮ್ಮೆ ಮಗುವನ್ನು ನೋಡಲು ಬಂದ ಹೊನ್ನಕ್ಕ, ನಾನು ಖಾಲಿ ಬಾಗಿಲಲ್ಲಿ ಬಗ್ಗಿ ಹೊರಗೆ ಬಂದದ್ದನ್ನು ಕಂಡು ಕಣ್ಣು ಒರೆಸಿಕೊಂಡರು. "ಊರಲ್ಲಿ ನನ್ನ ಮಗನಿಗೆ ದಿನಾ ತಲೆ ಬಗ್ಗಿಸುವವರು ನೀವೊಬ್ಬರು ಮಾಷ್ಟ್ರೆ," ಎಂದರು. ಅದು ಹಣೆಯ ಬುಗುಟಿನ ಹೆದರಿಕೆ ಎಂದು ಹೇಳಲು ಬಾಯಿ ತೆರೆದೆ. ಅವರ ಮುಖ ನೋಡಿ ಮುಚ್ಚಿಕೊಂಡೆ. ಒಳಗೆ ಹೋಗುವಾಗ ಈ ಸಲ ಬೇಕೆಂದೇ ಬಗ್ಗಿದೆ.