ಬಿಳಿ ಸಮವಸ್ತ್ರಕ್ಕೆ ಬಣ್ಣ ಹಚ್ಚಿದ ಕೆಂಪು ಮಾತ್ರೆಯವರಿಗೆ

ಕ್ಷಯರೋಗ ವಿಭಾಗದ ಮುಖ್ಯಸ್ಥರೂ, ಕುಷ್ಠರೋಗ ವಿಭಾಗದ ಹೆಚ್ಚುವರಿ ಹೊಣೆ ಹೊತ್ತವರೂ, ಒಂದು ಲೋಟ ನೀರು ಸುರಿದರೂ ಗಂಟಲಲ್ಲಿ ಅಡ್ಡಡ್ಡ ನಿಂತು ಯೋಚಿಸುವವರೂ ಆದ ಶ್ರೀ ರಿಫಾಂಪಿಸಿನ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವೆಂದು ಬಲ್ಲೆ. ಬೆಳಗ್ಗೆ ಬರಿಹೊಟ್ಟೆಯಲ್ಲಿ ತಮ್ಮನ್ನು ಬರಮಾಡಿಕೊಂಡು, ತಮ್ಮ ಅಪ್ಪಣೆಯಾಗುವವರೆಗೆ ತಿಂಡಿಯ ತಟ್ಟೆಯನ್ನು ದೂರದಿಂದ ನೋಡುತ್ತ ಕೂರುವವರ ಕ್ಷೇಮವನ್ನಷ್ಟೇ ವಿಚಾರಿಸಬೇಕಾದದ್ದು. ನಾನು ಡ್ರೈವಿಂಗ್ ಶಾಲೆಯೊಂದರಲ್ಲಿ ಹೆಂಗಸರಿಗೆ ಕಾರು ಕಲಿಸುವವಳು. ಪಕ್ಕದ ಸೀಟಿನಲ್ಲಿ ಕೂತು, ನನ್ನ ಕಾಲಡಿಗೆ ಹಾಕಿಸಿಕೊಂಡಿರುವ ಎರಡನೇ ಬ್ರೇಕನ್ನು ನಂಬಿ ಇಷ್ಟು ವರ್ಷ ಜೀವ ಉಳಿಸಿಕೊಂಡು ಬಂದಿದ್ದೇನೆ. ಕಲಿಯುವವರು ನನ್ನನ್ನು ‘ಕ್ಲಚ್ ಅಕ್ಕ’ ಎನ್ನುತ್ತಾರೆ.

ಬಿಡದ ಕೆಮ್ಮು, ಸಂಜೆಯಾದರೆ ಜ್ವರ, ದಿನೇದಿನೇ ಇಳಿಯುವ ತೂಕ ಇವು ಮೂರೂ ಒಟ್ಟಿಗೆ ಬಂದಾಗ ಬೀದಿಯ ಹೆಂಗಸರು ಯಾವ ಡಯಟ್ಟು ಎಂದು ಕೇಳಿದರು. ಡಾಕ್ಟರು ಕಫ ನೋಡಿ ಟಿ.ಬಿ. ಎಂದರು. ಕೆಲವು ವಾರ ಯಾರ ಪಕ್ಕದಲ್ಲೂ ಕೂರಕೂಡದೆಂದು ಹೇಳಿ, ತಮ್ಮನ್ನೂ ತಮ್ಮ ಮೂವರು ಸಹೋದ್ಯೋಗಿಗಳನ್ನೂ ನನ್ನ ಮೇಲೆ ನೇಮಿಸಿದರು.

ತಾವು ಅಧಿಕಾರ ವಹಿಸಿಕೊಂಡ ದಿನವೇ ನಾನು ಬಚ್ಚಲಿನಿಂದ ಕಿರುಚಿಕೊಂಡು ಓಡಿಬಂದೆ. ಕೈಗಡಿಯಾರ ರಿಪೇರಿ ಮಾಡುವ ನನ್ನ ಯಜಮಾನರು ಕಣ್ಣಿನ ಭೂತಗನ್ನಡಿಯನ್ನೂ ತೆಗೆಯದೆ, “ಮೂತ್ರ ಕೆಂಪಗೆ ಹೋಗುತ್ತೆ, ಹೆದರಬೇಡಿ ಅಂತ ನರ್ಸಮ್ಮ ಹೇಳಿದ್ರಲ್ಲ ಕಣೇ! ನೀನು ಆಗ ಕಿಟಕೀಲಿ ಯಾರದೋ ಪಾರ್ಕಿಂಗ್ ಸರಿಯಿಲ್ಲ ಅಂತ ನೋಡ್ತಾ ಇದ್ದೆ” ಎಂದರು.

ಅದನ್ನು ಕ್ಷಮಿಸಿದೆ, ಏಕೆಂದರೆ ಬಚ್ಚಲಿನ ವಿಷಯ ಬಚ್ಚಲಿನಲ್ಲೇ ಉಳಿಯುತ್ತದೆ. ಆದರೆ ರೋಗ ಇನ್ನು ಹರಡುವುದಿಲ್ಲವೆಂದು ಡಾಕ್ಟರು ಹೇಳಿ, ನಾನು ಕೆಲಸಕ್ಕೆ ಮರಳಿದ ಮೇಲೆ ತಾವು ನಡೆಸಿದ್ದೇನು? ಮುಚ್ಚಿದ ಕಾರಿನಲ್ಲಿ ನನ್ನ ಪಕ್ಕ ಯಾರು ಕೂತಾರೆಂದು ಅಂಜಿ, ನನಗೆ ಟೈಫಾಯಿಡ್ ಆಗಿತ್ತೆಂದು ಶಾಲೆಯ ಮಾಲೀಕರಿಗೆ ಹೇಳಿದ್ದೆ. ತಾವೋ, ಸುಡುಬೇಸಿಗೆಯಲ್ಲಿ ನನ್ನ ಬೆವರಿನ ಮೂಲಕ ಹೊರಬಂದು, ಬಿಳಿ ಸಮವಸ್ತ್ರದ ಕಾಲರಿನ ಮೇಲೂ ಕಂಕುಳಲ್ಲೂ ಕಿತ್ತಳೆ ಬಣ್ಣದ ಠಸ್ಸೆ ಒತ್ತತೊಡಗಿದಿರಿ. ಮಾಲೀಕರು ಮರುಗಿ, “ಛೆ, ಸೀಟ್ ಕವರ್ ಬಣ್ಣ ಬಿಡ್ತಿದೆ ಅಕ್ಕ” ಎಂದು ಹೊಸದನ್ನು ಹಾಕಿಸಿದರು. ಅದೂ ಬಣ್ಣ ಬಿಟ್ಟಿತೆಂದು ಅಂಗಡಿಯವನ ಜೊತೆ ಜಗಳಕ್ಕೆ ಹೋದರು.

ಅಷ್ಟರಲ್ಲಿ ಕೆಮ್ಮು ನಿಂತಿತ್ತು, ಹಸಿವು ಮರಳಿತ್ತು, ಕೆನ್ನೆ ತುಂಬಿಕೊಂಡಿತ್ತು. ಆದ್ದರಿಂದ ತಮ್ಮ ಅಮೂಲ್ಯ ಸೇವೆಯನ್ನು ಸ್ಮರಿಸುತ್ತಾ, ಯಾರಿಗೂ ಹೇಳದೆ ತಮ್ಮನ್ನು ಕೆಲಸದಿಂದ ಬಿಡುಗಡೆ ಮಾಡಿದೆ. ಯಜಮಾನರೆದುರು ನೀರು ಮಾತ್ರ ಕುಡಿದು, ತಮ್ಮನ್ನು ಅಂಗೈಯಲ್ಲೇ ಉಳಿಸಿಕೊಳ್ಳುತ್ತಿದ್ದೆ. ಅಂಗಿ ಹಾಲಿನಂತೆ ಬೆಳ್ಳಗಾಯಿತು. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಆ ದಿನಗಳಲ್ಲಿ ನನ್ನ ಬಳಿ ಕಲಿಯುತ್ತಿದ್ದವರಲ್ಲಿ ಗ್ರಂಥಾಲಯದ ಕೆಲಸದಿಂದ ನಿವೃತ್ತರಾದ ಹಿರಿಯರೊಬ್ಬರಿದ್ದರು. ಲೈಬ್ರರಿ ಅಮ್ಮ ಎಂದೇ ಎಲ್ಲರೂ ಕರೆಯುತ್ತಿದ್ದ ಅವರು, ಎದುರಿನಿಂದ ಲಾರಿ ನುಗ್ಗಿಬಂದರೂ ಪಿಸುಮಾತಿನಲ್ಲೇ “ಅಯ್ಯೋ” ಎನ್ನುವವರು. ಅವರಲ್ಲಿ ಒಂದೇ ದೋಷ. ಗೇರು ಹಾಕುವಾಗಲೆಲ್ಲ ರಸ್ತೆ ಬಿಟ್ಟು ತಮ್ಮ ಎಡಗೈಯನ್ನೇ ನೋಡುತ್ತಿದ್ದರು. “ಕೈ ಯಾಕ್ ನೋಡ್ತೀರಿ? ಎಲ್ಲಿದೆ ಅಂತ ಕೈಗೇ ಗೊತ್ತಾಗಲ್ವಾ?” ಎಂದು ನಾನು ದಿನವೂ ಗದರುತ್ತಿದ್ದೆ.

ಒಂದು ಬೆಳಗ್ಗೆ ಅವರು ಹೇಳದೆ ಕೇಳದೆ ಕಾರನ್ನು ಅಂಚಿಗೆ ನಿಲ್ಲಿಸಿ, ಎಂಜಿನ್ ಆರಿಸಿದರು.

“ಮೇಡಂ, ನಿಮ್ಮ ಕಾಲರ್ ಬೆಳ್ಳಗಾಗಿದೆ.”

“ಹೊಸ ಸೋಪು” ಎಂದೆ.

“ಸೋಪಲ್ಲ. ಕೆಂಪು ಮಾತ್ರೆ ಬಿಟ್ಟಿದ್ದೀರಿ.” ನಾನು ಬಾಯಿ ತೆರೆಯುವ ಮೊದಲೇ ಅವರು ಎಡಗೈಯನ್ನು ನನ್ನ ಮುಂದೆ ಚಾಚಿದರು. ಕೊನೆಯ ಎರಡು ಬೆರಳು ಕೊಂಚ ಒಳಕ್ಕೆ ಬಾಗಿದ್ದವು. “ನೋಡಮ್ಮ, ಕೈಗೆ ಗೊತ್ತಾಗಲ್ವಾ ಅಂತ ದಿನಾ ಕೇಳ್ತೀಯಲ್ಲ, ಈ ಎರಡಕ್ಕೆ ಗೊತ್ತಾಗಲ್ಲ. ನನಗೆ ಕುಷ್ಠ ಆಗಿತ್ತು. ನಾನೂ ಅದೇ ಮಾತ್ರೆ ನುಂಗಿ, ಅದೇ ಬಣ್ಣ ನೋಡಿದವಳು. ಮಚ್ಚೆ ಮಾಸಿತು, ವಾಸಿಯಾಯ್ತು ಅಂದ್ಕೊಂಡು ಅರ್ಧಕ್ಕೇ ಬಿಟ್ಟೆ. ಮತ್ತೆ ಶುರು ಮಾಡೋ ಹೊತ್ತಿಗೆ ಇವು ಹೋಗಿದ್ವು. ಮೊದಮೊದಲು ನಿನ್ನ ಕೆಮ್ಮೂ ಕೇಳಿದ್ದೀನಿ. ನಿಂದು ಬೆರಳಲ್ಲಮ್ಮ, ಶ್ವಾಸಕೋಶ.”

ಮಾನ್ಯರೇ, ಇಷ್ಟನ್ನೂ ಅವರು ಪಿಸುಮಾತಿನಲ್ಲೇ ಹೇಳಿದರು. ಶಾಲೆಗೆ ತಿರುಗಿಸಿ ಎಂದೆ. ಅವರು ಆಸ್ಪತ್ರೆಯ ದಾರಿ ಹಿಡಿದರು. ನನ್ನ ಕಾಲಡಿಯಲ್ಲಿ ಬ್ರೇಕು ಇತ್ತು. ನಾನು ಒತ್ತಲಿಲ್ಲ. ಸೆಕೆಂಡ್ ಗೇರಿನಲ್ಲೇ ಊರಿಡೀ ದಾಟಿ, ಹಿಂದಿನವರೆಲ್ಲರ ಹಾರ್ನು ಕೇಳಿಸಿಕೊಂಡು, ಆಸ್ಪತ್ರೆಯ ಗೇಟಿನ ಕಂಬಕ್ಕೆ ಬಂಪರ್ ತಾಗಿಸಿ ನಿಲ್ಲಿಸಿದರು. ಆ ಪಾರ್ಕಿಂಗ್ ಬಗ್ಗೆ ನಾನು ಒಂದು ಮಾತೂ ಆಡಲಿಲ್ಲ.

ಡಾಕ್ಟರು ಮತ್ತೆ ಕಫ ನೋಡಿ, “ನಿಮ್ಮ ಪುಣ್ಯ, ಸದ್ಯಕ್ಕೆ ಏನೂ ಇಲ್ಲ. ಹೀಗೇ ನಡುವೆ ಬಿಡ್ತಾ ಹೋದ್ರೆ ಈ ಮಾತ್ರೆಗೆ ಬಗ್ಗದ ರೋಗ ಬರುತ್ತೆ, ಆಗ ನಾನೇನ್ ಮಾಡ್ಲಿ?” ಎಂದು ಚೆನ್ನಾಗಿ ಉಗಿದು, ತಮ್ಮ ಅಧಿಕಾರಾವಧಿಯನ್ನು ವಿಸ್ತರಿಸಿದರು. ಮನೆಗೆ ಹೋಗಿ ಯಜಮಾನರಿಗೆ ಎಲ್ಲ ಹೇಳಿದೆ. ಅವರು ಬಯ್ಯಲಿಲ್ಲ. ಆದರೆ ಮರುದಿನದಿಂದ ನಾನು ನುಂಗಿ ಬಾಯಿ ತೆರೆದು ತೋರಿಸಿದ ಮೇಲೆ, ಭೂತಗನ್ನಡಿ ಹಾಕಿಕೊಂಡು ನಾಲಿಗೆಯ ಅಡಿಯನ್ನೂ ಪರೀಕ್ಷಿಸುತ್ತಿದ್ದರು. ಮಾಲೀಕರಿಗೂ ನಿಜ ಹೇಳಿದೆ. ಅವರು ಸೀಟ್ ಕವರನ್ನೊಮ್ಮೆ ಸವರಿ, “ಹಾಗಾದ್ರೆ ಸೀಟ್ ಕವರಿನವನ ತಪ್ಪಿರ್ಲಿಲ್ವಾ?” ಎಂದರು. ವಿಷಯ ತಿಳಿದು ಇಬ್ಬರು ಬೇರೆ ಶಾಲೆಗೆ ಹೋದರು. ನೋವಾಯಿತು. ಉಳಿದವರು ಕಿಟಕಿ ಇಳಿಸಿಕೊಂಡು ಕಲಿತರು.

ಲೈಬ್ರರಿ ಅಮ್ಮನಿಗೆ ಬೆರಳು ಬಿಟ್ಟು ಅಂಗೈಯ ಬುಡದಿಂದ ಗೇರು ತಳ್ಳುವುದನ್ನು ಹೇಳಿಕೊಟ್ಟೆ. ಕೈಗೇನಾಗಿದೆಯೆಂದು ನಾನು ಮೊದಲೇ ಕೇಳಿದ್ದರೆ ಮೊದಲೇ ಹೇಳಿಕೊಡಬಹುದಿತ್ತು. ಗದರುವುದರಲ್ಲಿ ನನಗೆ ಪುರುಸೊತ್ತಿರಲಿಲ್ಲ. ಕಳೆದ ವಾರ ಅವರು ಲೈಸೆನ್ಸಿನ ಪರೀಕ್ಷೆಯನ್ನು ಒಮ್ಮೆಯೂ ಕೈ ನೋಡದೆ ಪಾಸು ಮಾಡಿದರು. ಅದೇ ವಾರ ಡಾಕ್ಟರು ನನಗೆ, “ಸಾಕು, ಇನ್ನು ಬೇಡ” ಎಂದರು.

ಆದುದರಿಂದ ಮಾನ್ಯರಲ್ಲಿ ವಿನಂತಿ. ತಾವು ಬಿಳಿ ಬಣ್ಣದಲ್ಲಿ ಕೆಲಸ ಮಾಡುವುದನ್ನು ಕಲಿಯಬೇಕೆಂದು ಕೋರುವುದಕ್ಕೇ ಈ ಪತ್ರ ಬರೆಯಲು ಕೂತಿದ್ದೆ. ಈಗ ಆ ಕೋರಿಕೆಯನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ಬದಲಿಗೆ, ಯಾರಾದರೂ ಗುಟ್ಟಾಗಿ ತಮ್ಮನ್ನು ಬಿಟ್ಟಲ್ಲಿ ಅವರ ಕಾಲರಿನ ಮೇಲೆ ‘ಇವರು ಮಾತ್ರೆ ನುಂಗಿಲ್ಲ’ ಎಂದು ದಪ್ಪಕ್ಷರದಲ್ಲಿ ಮೂಡುವಂತೆ ದಯಮಾಡಿ ವ್ಯವಸ್ಥೆ ಮಾಡಿರಿ. ಎಲ್ಲರಿಗೂ ಪಕ್ಕದ ಸೀಟಿನಲ್ಲಿ ಅಂಥ ಅಮ್ಮ ಸಿಗುವುದಿಲ್ಲ.

ಮತ್ತೆಂದೂ ಭೇಟಿಯಾಗದಿರೋಣವೆಂಬ ತುಂಬು ಪ್ರೀತಿಯೊಂದಿಗೆ,
ತಮ್ಮ ವಿಶ್ವಾಸಿ,
ಕ್ಲಚ್ ಅಕ್ಕ

ತಾ.ಕ.: ಬೆರಳಿನ ಸ್ಪರ್ಶವನ್ನೇ ಕದಿಯುವ ರೋಗಕ್ಕೆ ಮದ್ದಾದ ತಮ್ಮನ್ನು, ಗಟ್ಟಿ ಬೆರಳಿನವರೂ ಉಗುರು ಮುರಿದುಕೊಂಡು ಬಿಡಿಸಬೇಕಾದ ತಗಡಿನ ಹಾಳೆಯೊಳಗೆ ಮುಚ್ಚಿಟ್ಟ ಮಹಾನುಭಾವರು ಯಾರೆಂದು ತಿಳಿಸಿದರೆ ಉಪಕಾರವಾಗುತ್ತದೆ. ಅವರಿಗೆ ಕೈಗೆ ಎರಡು ಜೊತೆ ದಪ್ಪ ಉಣ್ಣೆಯ ಗವಸು ತೊಡಿಸಿ, ಒಂದೇ ಒಂದು ಮಾತ್ರೆ ಬಿಡಿಸಿಕೊಡಿ ಎಂದು ಕೇಳುವುದಿದೆ.