ನನ್ನ ಹೆಬ್ಬೆರಳಿನ ತುದಿ ಕತ್ತರಿಸಿದ ಯಂತ್ರಕ್ಕೆ

ಬೈಂಡಿಂಗ್ ಕೋಣೆಯ ಘನತೆವೆತ್ತ ಕಟಿಂಗ್ ಮೆಷಿನ್ ಮಾನ್ಯರೇ,

ತಮ್ಮ ಅಲಗು ಹರಿತವಾಗಿಯೂ ಮೋಟಾರು ತಣ್ಣಗೂ ಇದೆಯೆಂದು ನಂಬಿ, ತಮ್ಮ ಹಳೆಯ ಬೈಂಡರನಾದ ನಾನು, ತಾವು ನನ್ನ ಬಲ ಹೆಬ್ಬೆರಳಿನ ತುದಿಯನ್ನು ಪಾಠಪುಸ್ತಕದ ಅಂಚಿನ ಜೊತೆಗೇ ಅಚ್ಚುಕಟ್ಟಾಗಿ ಕತ್ತರಿಸಿದ್ದರ ಬಗ್ಗೆ ಸಲ್ಲಿಸುತ್ತಿರುವ ನಮ್ರ ದೂರು ಇದು. ಕೆಲಸಕ್ಕೆ ಹೆಸರಿಡುವಂತಿಲ್ಲ, ಗೆರೆ ಕೂದಲೆಳೆಯಷ್ಟೂ ಓರೆಯಾಗಿರಲಿಲ್ಲ.

ತುದಿಯು ಕಾಗದದ ಚೂರುಗಳ ಜೊತೆ ರದ್ದಿಗೆ ಹೋಗಿದ್ದರಿಂದ, ಆಸ್ಪತ್ರೆಯ ಡಾಕ್ಟರಮ್ಮ ನನ್ನದೇ ಉಂಗುರ ಬೆರಳಿನ ಪಕ್ಕದಿಂದ ಒಂದು ತುಂಡನ್ನು, ನರ ರಕ್ತನಾಳ ಕಡಿಯದೆ, ಅಂಗೈಯೊಳಗಿಂದ ಹಾಯಿಸಿ ತಂದು ಹೆಬ್ಬೆರಳಿಗೆ ಹೊಲಿದರು. ಹೊಲಿಗೆ ಎಂದರೆ ಅದು. ಆದರೆ ನರ ಇನ್ನೂ ಹಳೇ ಮನೆಗೇ ಸುದ್ದಿ ಮುಟ್ಟಿಸುತ್ತಿದೆ. ನನ್ನ ಕಣ್ಣು ಮುಚ್ಚಿಸಿ ಹೆಬ್ಬೆರಳಿಗೆ ಸೂಜಿ ತಾಗಿಸಿ ಎಲ್ಲಿ ಎಂದು ಕೇಳಿದರೆ ಉಂಗುರ ಬೆರಳು ಎನ್ನುತ್ತೇನೆ. ನರ ಬದುಕಿದೆ ಎಂದು ಅವರು ಸಂತೋಷದಿಂದ ಬೆನ್ನು ತಟ್ಟುತ್ತಾರೆ. ಕಾಗದ ಉಜ್ಜಿ ದಪ್ಪ ಹೇಳುತ್ತಿದ್ದ ಹೆಬ್ಬೆರಳು ಈಗ ಮುಟ್ಟುವುದಷ್ಟೇ, ಅಭಿಪ್ರಾಯ ಕೊಡುವುದು ಉಂಗುರ ಬೆರಳು, ಅದಕ್ಕೋ ಕಾಗದದ ಗಂಧಗಾಳಿಯೂ ಗೊತ್ತಿಲ್ಲ. ಮೊದಲ ದಿನ ಅತ್ತೇಬಿಟ್ಟೆ.

ಎರಡು ಗುಂಡಿಗಳನ್ನು ಎರಡೂ ಕೈಯಿಂದ ಒತ್ತಿದರೆ ಮಾತ್ರ ಇಳಿಯುವ ಸಂಯಮ ತಮ್ಮದು. ಕೆಲಸ ಬೇಗ ಸಾಗಲೆಂದು ಒಂದು ಗುಂಡಿಗೆ ಮಡಚಿದ ರಟ್ಟು ತುರುಕಿ, ಅದು ಸದಾ ಒತ್ತಿಕೊಂಡೇ ಇರುವಂತೆ ಮಾಡಿದವರು ನಮ್ಮ ಯಜಮಾನರು. ಅವರೇ ಎಲ್ಲರೆದುರು ಆ ಮೆಷಿನ್ನೇ ಸರಿಯಿಲ್ಲ ಎಂದಾಗ ತಾವು ತುಟಿಪಿಟಿಕ್ಕೆನ್ನಲಿಲ್ಲ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದರೆ ಮೇಕೆ ಒಂದು ಸಲವಾದರೂ ಅರಚಬೇಡವೇ?

ಈಗ ನನ್ನ ಜಾಗಕ್ಕೆ ನನ್ನ ತಂಗಿಯನ್ನೇ ಕರೆದಿದ್ದಾರೆ; ರಟ್ಟು ಇದ್ದಲ್ಲೇ ಇದೆ. ನನಗೆ ಭಯವಾಗಿದೆ. ಆದಕಾರಣ ಅವಳ ಕೈ ಅಲಗಿನ ಕೆಳಗಿರುವಾಗ ತಾವು ದೊಡ್ಡ ಮನಸ್ಸು ಮಾಡಿ ಕೆಟ್ಟು ನಿಲ್ಲಬೇಕು. ಆಗದಿದ್ದರೆ ಕರೆಂಟಿನವರೊಂದಿಗೆ ಮಾತಾಡಿ ಆ ಕ್ಷಣಕ್ಕೆ ಕರೆಂಟು ತೆಗೆಸಬೇಕು. ಅದೂ ಆಗದಿದ್ದರೆ ಉಗುರಿನ ಬಣ್ಣ ನೋಡಿಯಾದರೂ ನಮ್ಮ ಮನೆಯ ಹುಡುಗಿಯೆಂದು ಬಿಟ್ಟುಬಿಡಬೇಕು.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಬೆರಳು ಬದಲಾದ ಬೈಂಡರ್

ವಿ.ಸೂ.: ತಂಗಿ ನನಗಿಂತ ಜಾಣೆ. ಯಜಮಾನರಿಗೇ, ಮೊದಲು ನೀವೊಂದು ಕಟ್ಟು ಕತ್ತರಿಸಿ ತೋರಿಸಿ, ನೋಡಿ ಕಲೀತೀನಿ ಅಂದಳಂತೆ. ಯಜಮಾನರು ಅಂಗಿಯ ತೋಳು ಮಡಚಿ ತಮ್ಮೆದುರು ನಿಂತವರೇ ಮೊಟ್ಟಮೊದಲು ಆ ರಟ್ಟು ಕಿತ್ತು ಜೇಬಿಗಿಟ್ಟರಂತೆ. ಕತ್ತರಿಸಿ ಮುಗಿಸಿ ಮತ್ತೆ ತುರುಕಲು ಹೋದಾಗ ಇವಳು, "ಜೇಬಲ್ಲೇ ಇರ್ಲಿ ಬಿಡಿ ಯಜಮಾನ್ರೇ, ನನಗೂ ನಿಮ್ಮಷ್ಟೇ ಬೆರಳಿರೋದು" ಅಂದಳಂತೆ.